ಆಲೆಮರದ ಕಣ್ಣಪಟ್ಟಿ

ಚನ್ನಪಟ್ಟಣ,
1-9-2007, ಶನಿವಾರ

ಪ್ರೀತಿಯ ಬೇಟಿ ಯಾಸ್ಮಿನ್‌ಗೆ ನಿನ್ನ ಮುಕ್ತಿಯಾರ್ ಮಾಮೂ ಮಾಡುವ ದುವಾ.

ನೀನು ಕ್ಷೇಮವಾಗಿದ್ದೀಯಾ? ಹೋದ ಸಲ ಫೋನಿನಲ್ಲಿ ಗಂಟಲು ಕಟ್ಟಿದ ಹಾಗಿತ್ತು, ಈಗ ಹೇಗಿದೆ? ನಾಗಪುರದ ಆಚೆ, ನೀನು ವಿಮಾನ ಕಲಿಯಲು ಹೋದ ಆ ಊರಿನಲ್ಲಿ ಮೂರು ಹೊತ್ತೂ ಗೋಧಿ ರೊಟ್ಟಿ ತಿಂದು ನಿನ್ನ ಹೊಟ್ಟೆ ಏನಾಗಿದೆಯೋ ಎಂದು ನಿನ್ನ ಅಮ್ಮ ಖುರ್ಷಿದಾ ದಿನಾ ಕೇಳುತ್ತಾಳೆ, ನನ್ನನ್ನು ಕೇಳಿದರೆ ನನಗೇನು ಗೊತ್ತು. ಅವಳು ಚೆನ್ನಾಗಿದ್ದಾಳೆ. ರೇಷ್ಮೆ ಬಿಚ್ಚುವ ಬಾಣಲೆಯ ಬಿಸಿನೀರಿಗೆ ಬೆರಳುಗಳು ಒಡೆದಿವೆ, ಅದು ಯಾವಾಗಲೂ ಇದ್ದದ್ದೇ. ಶಬೇಬರಾತ್ ಹಬ್ಬದ ಹಲ್ವಾವನ್ನು ಈ ಪಾರ್ಸಲಿನೊಳಗೆ ಇಟ್ಟಿದ್ದಾಳೆ. ಕೆಡದೆ ಬಂದರೆ ಅವಳ ಕೈಗುಣ, ಕೆಟ್ಟಿದ್ದರೆ ದಾರಿಯ ಬಿಸಿಲಿನ ತಪ್ಪು. ಊರಿನ ಸುದ್ದಿ ಎಂದರೆ ನಮ್ಮ ರಾಮನಗರ ಜಿಲ್ಲೆಯಾಯಿತು. ಇನ್ನು ಮೇಲೆ ವಿಳಾಸದಲ್ಲಿ ಬೆಂಗಳೂರು ಗ್ರಾಮಾಂತರ ಎಂದು ಬರೆಯಬೇಡ. ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಕಂಪನಿ ಬಸ್ಸುಗಳು ಈಗ ನಮ್ಮ ಬೀದಿಯ ತುದಿಗೇ ಬಂದು ನಿಲ್ಲುತ್ತವೆ. ನನ್ನ ಲೇತಿನ ಮುಂದೆ ಕೂತು ಬೊಂಬೆ ಕಡೆಯುವುದನ್ನು ಕಲಿಯಬೇಕಾದವರೆಲ್ಲ ಯೂನಿಫಾರಂ ತೊಟ್ಟು ಅದರೊಳಗೆ ಹತ್ತುತ್ತಾರೆ. ಹೋಗಲಿ ಬಿಡು. ಚನ್ನಪಟ್ಟಣದಲ್ಲಿ ನನ್ನಂಥ ಕೈ ಇನ್ನೊಂದಿಲ್ಲ ಎಂದು ನಾನು ಹೇಳಿದರೆ ಮೊದಲು ಜಂಬ ಎನ್ನುತ್ತಿದ್ದರು, ಇನ್ನೆರಡು ವರ್ಷಕ್ಕೆ ಅದು ಬರೀ ನಿಜವಾಗಿಬಿಡುತ್ತದೆ.

ಈ ಕಾಗದವನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ನಿನ್ನ ಅಮ್ಮನಿಗೆ ಉರ್ದು ಬಿಟ್ಟರೆ ಬೇರೆ ಅಕ್ಷರ ಬಾರದು, ಇದರಲ್ಲಿರುವುದನ್ನು ಅವಳು ಓದಿದರೆ ನನ್ನನ್ನೂ ಅದೇ ಬಾಣಲೆಗೆ ಹಾಕಿ ನೂಲು ಬಿಚ್ಚುತ್ತಾಳೆ. ನಾನು ಓದಿದ್ದು ದೊಡ್ಡಮಳೂರಿನ ಶಾಲೆಯಲ್ಲಿ ಏಳನೇ ಕ್ಲಾಸು. ಆದರೆ ಗಂಗಹನುಮಯ್ಯ ಮೇಷ್ಟ್ರು ಕಾಗದ ಬರೆಯುವುದನ್ನು ಬೆತ್ತ ಹಿಡಿದು ಕಲಿಸಿದವರು. ಮೊದಲು ಊರು, ಆಮೇಲೆ ತಾರೀಖು, ಆಮೇಲೆ ಕ್ಷೇಮ, ಆಮೇಲೆ ವಿಷಯ. ವಿಷಯಕ್ಕೆ ಬರಲು ಭಯವಾದರೆ ಕ್ಷೇಮವನ್ನೇ ಎರಡು ಸಲ ಕೇಳಬಹುದು ಎಂಬುದನ್ನು ಮಾತ್ರ ಅವರು ಹೇಳಿಕೊಟ್ಟಿರಲಿಲ್ಲ, ಅದನ್ನು ನಾನು ಈಗ ಕಂಡುಹಿಡಿದೆ. ನೀನು ಕ್ಷೇಮ ತಾನೇ?

ನಿನ್ನೆ ಬೆಳಿಗ್ಗೆ ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು. "ಆ ಕಣ್ಣಪಟ್ಟಿ ಹಾಕ್ಕೋಬೇಡ ಬೇಟಿ, ಅರಗಿನ ಬಣ್ಣ ಬಿಡ್ತದೆ, ಹಣೆಗೆ ಹತ್ಕೋತದೆ, ನನ್ನ ಕಾಗದ ಬರೋಗಂಟ ಮುಟ್ಟಬೇಡ" ಎಂದೆನಲ್ಲ, ನನ್ನ ಬಣ್ಣ ಬಿಡುವುದಿಲ್ಲ. ಮೂವತ್ತೆರಡು ವರ್ಷದಲ್ಲಿ ಬಿಟ್ಟಿಲ್ಲ. ನಾನು ಮಾಡಿದ ಗಿಲಕಿಯನ್ನು ಚೀಪಿದ ಕೂಸುಗಳು ಈಗ ಮದುವೆ ವಯಸ್ಸಿಗೆ ಬಂದಿವೆ, ಗಿಲಕಿಯ ಕೆಂಪು ಹಾಗೇ ಇದೆ. ನನ್ನ ಕಸುಬಿಗೆ ನಾನೇ ಕಳಂಕ ಹಚ್ಚಿಕೊಂಡೆ ಎಂದರೆ ನಾನು ಎಷ್ಟು ಬೆದರಿದ್ದೆ ಎಂದು ನೀನೇ ತಿಳಿದುಕೋ. ಅದಕ್ಕೆ ನೀನು ನಕ್ಕು, "ಬೇಗ ಸರಿಮಾಡಿಕೊಡು ಮಾಮೂ, ಹದಿನೈದನೇ ತಾರೀಖಿನ ಪರೀಕ್ಷೆಗೆ ನಂಗೆ ಅದೇ ಬೇಕು, ಅದು ಹಾಕ್ಕೊಂಡ್ರೆ ಒಂಚೂರೂ ಭಯ ಆಗಲ್ಲ" ಎಂದೆ. ಮೊನ್ನೆಯವರೆಗೆ ಈ ಮಾತು ಕೇಳಿದ್ದರೆ ನಾನು ಬಸ್‌ಸ್ಟ್ಯಾಂಡಿನಿಂದ ಕೋಟೆಯವರೆಗೆ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೆ. ನಿನ್ನೆ ಕೇಳಿದಾಗ ಫೋನು ಇಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಜೂನ್ ತಿಂಗಳಲ್ಲಿ ನೀನು ಬರೆದಿದ್ದು ನೆನಪಿದೆಯಾ? ಮೋಡದಲ್ಲಿ, ಮಂಜಿನಲ್ಲಿ, ಹೊರಗೆ ಏನೂ ಕಾಣದಾಗ ಎದುರಿಗಿರುವ ಗಡಿಯಾರದಂಥ ಮುಳ್ಳುಗಳನ್ನು ಮಾತ್ರ ನೋಡಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೇನೆ, ನಲವತ್ತು ಗಂಟೆ ಹಾಗೆ ಹಾರಿಸಿ ಪುಸ್ತಕದಲ್ಲಿ ಬರೆಸಬೇಕು ಎಂದಿದ್ದೆ. ಅಭ್ಯಾಸಕ್ಕೆಂದು ತಲೆಗೆ ಹುಡ್ಡು ಹಾಕುತ್ತಾರೆ, ಹಾಕಿದರೆ ಮುಳ್ಳುಗಳಷ್ಟೇ ಕಾಣುತ್ತವೆ, ಪಕ್ಕದಲ್ಲಿ ಕೂತ ಕ್ಯಾಪ್ಟನ್ ಮೇಡಂ ಹೊರಗಡೆ ನೋಡಿಕೊಳ್ಳುತ್ತಾರೆ, ಆದರೆ ಫ್ಲೈಯಿಂಗ್ ಕ್ಲಬ್ಬಿನ ಪ್ಲಾಸ್ಟಿಕ್ ಹುಡ್ಡು ಕಿವಿ ಕುಯ್ಯುತ್ತದೆ ಎಂದೂ ಬರೆದಿದ್ದೆ. ನೀನು ಹುಡ್ಡು ಎಂದದ್ದನ್ನು ನಾನು ಜಟಕಾ ಕುದುರೆಯ ಕಣ್ಣಪಟ್ಟಿ ಎಂದು ಅರ್ಥ ಮಾಡಿಕೊಂಡು ಅಂದೇ ಕೆಲಸಕ್ಕೆ ಕೂತೆ. ನಾವು ಬೊಂಬೆಗೆ ಬಳಸುವ ಒಳ್ಳೆಯ ಆಲೆಮರದ ತುಂಡನ್ನು ಲೇತಿಗೆ ಏರಿಸಿ, ಡೋಲಿನ ಹಾಗೆ ಒಳಗೆ ಟೊಳ್ಳು ಮಾಡಿ, ಹಲಸಿನ ಎಲೆಯಷ್ಟು ತೆಳ್ಳಗೆ ಕಡೆದು, ಉದ್ದಕ್ಕೆ ಸೀಳಿ ಒಂದು ಹೋಳನ್ನು ನಿನಗೆಂದು ತೆಗೆದೆ. ಹಳದಿ, ಕೆಂಪು, ಹಸಿರು ಗೆರೆ ಹಿಡಿದು, ತಾಳೆಗರಿಯಲ್ಲಿ ತಿಕ್ಕಿ ಹೊಳಪು ಕೊಟ್ಟೆ. ಕೊನೆಗೆ, ನಾವು ಯಾವಾಗಲೂ ಮಾಡುವ ಹಾಗೆ, ಕಣ್ಣು ಮುಚ್ಚಿ ಬೆರಳಾಡಿಸಿ ಉಬ್ಬುತಗ್ಗು ನೋಡಿದೆ. ನಿಮ್ಮ ಮೇಡಂ ಆಫೀಸಿನಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಭೇಷ್ ಎಂದರಂತೆ. ಎನ್ನದೆ ಏನು? ಅವರಿಗೆ ಕಂಡದ್ದು ಗೆರೆಗಳು.

ಈಗ ವಿಷಯ. ಗುರುವಾರ, ಮರುದಿನದ ಜುಮ್ಮಾ ನಮಾಜಿಗೆ ಗಡ್ಡ ನೇರ್ಪು ಮಾಡಿಸೋಣವೆಂದು ಶುಕೂರನ ಸಲೂನಿಗೆ ಹೋದೆ. ಅಲ್ಲಿ ಮರಿಯಪ್ಪ ಪೇಪರ್ ಓದುತ್ತಾ ಕೂತಿದ್ದ. ಅವನು ನಿನಗೆ ಗೊತ್ತಿಲ್ಲ. ದೊಡ್ಡಮಳೂರಿನ ಶಾಲೆಯಲ್ಲಿ ಅವನೂ ನಾನೂ ಒಂದೇ ಬೆಂಚು. ಅವನು ಮುಂದೆ ಓದಿ ಏರ್‌ಫೋರ್ಸ್ ಸೇರಿದ. ಪೈಲಟ್ಟುಗಳನ್ನು ನೆಲದ ಮೇಲೇ ಒಂದು ಪೆಟ್ಟಿಗೆಯೊಳಗೆ ಕೂರಿಸಿ ಮುಚ್ಚಿ, ಮುಳ್ಳು ನೋಡಿ ಹಾರಿಸುವುದನ್ನು ಕಲಿಸುವ ಸಾರ್ಜೆಂಟಾಗಿದ್ದು ರಿಟೈರಾದ. ಈಗ ಕನಕಪುರದ ಹತ್ತಿರ ಮಾವಿನ ತೋಟ, ಮಗಳನ್ನು ಇಲ್ಲಿಗೆ ಕೊಟ್ಟಿರುವುದರಿಂದ ಬಂದುಹೋಗಿ ಮಾಡುತ್ತಾನೆ. ಶಾಲೆಯಲ್ಲಿ ಏಳು ವರ್ಷವೂ ಅವನೇ ಫಸ್ಟು. ಅಂಥವನು ಸಿಕ್ಕಾಗ ನನ್ನ ಬಾಯಿ ಸುಮ್ಮನಿರುತ್ತದೆಯೇ? "ನಮ್ಮ ಖುರ್ಷಿದಾ ಮಗಳು ನಿಂಗಿಂತ ಮ್ಯಾಕೆ ಹೋದ್ಲು ಕಣ್ಲಾ ಮರಿಯಪ್ಪ. ನೀನು ನೆಲದ ಮ್ಯಾಲಿನ ಪೆಟ್ಟಿಗೇಲಿ ಕಲಿಸ್ದೆ, ಅವಳು ಆಕಾಶದಾಗೇ ಕಲೀತಾವ್ಳೆ" ಎಂದೆ. ಅವನು ಸಂತೋಷಪಟ್ಟ, ನಿನ್ನ ಹೆಸರು ಕೇಳಿದ, ಎಷ್ಟು ಗಂಟೆಯಾಯಿತು ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಮುಕ್ತಿಯಾರ್ ಹೇಗಾಗುತ್ತೇನೆ? ಸಲೂನಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದೆ: "ಅವಳ ಕಣ್ಣಪಟ್ಟೀಲಿ ನಾನೊಂದು ಗೀರು ಬುಟ್ಟಿವ್ನಿ. ಹೊರಗಡೆಯಿಂದ ನೋಡಿದ್ರೆ ಬಣ್ಣದ ಗೆರೆ, ಒಳಗಡೆಯಿಂದ ಕಿಟಕಿ. ಪರೀಕ್ಷೆ ಮಾಡೋನು ಭೂತಕನ್ನಡಿ ಇಟ್ಕಂಡು ಹುಡುಕಿದ್ರೂ ಸಿಕ್ಕಲ್ಲ. ಅವಳಿಗೂ ಇನ್ನಾ ಹೇಳಿಲ್ಲ, ಪರೀಕ್ಷೆ ಹಿಂದಿನ ದಿನ ಹೇಳಿ ಖುಷಿ ಪಡಿಸ್ತೀನಿ."

ಹೌದು ಬೇಟಿ. ಅದೇ ವಿಷಯ. ಬರೆದುಬಿಟ್ಟೆ.

ಶುಕೂರ್ ಕತ್ತರಿ ಹಿಡಿದುಕೊಂಡೇ ನಕ್ಕ. ಮರಿಯಪ್ಪ ನಗಲಿಲ್ಲ. ಪೇಪರು ಮಡಿಸಿಟ್ಟು ಎದ್ದುಬಂದು, ಶುಕೂರನನ್ನು ಪಕ್ಕಕ್ಕೆ ಸರಿಸಿ, "ಲೇ ಮುಕ್ತಿ, ಎದ್ದೇಳಬ್ಯಾಡ, ಅಂಗೇ ಕೂತಿರು" ಎಂದು ಬಿಸಿ ಟವಲನ್ನು ನನ್ನ ಕಣ್ಣಿಗೆ ಸುತ್ತಿ ಬಿಗಿದ. "ಕುರ್ಚಿ ತಿರುಗಿಸ್ತೀನಿ. ಎತ್ಲಾಗೆ ತಿರುಗ್ತೀಯೋ ಅತ್ಲಾಗೆ ಹೆಬ್ಬೆಟ್ಟು ತೋರ್ಸು. ನಿಂತ್ರೆ ಮುಷ್ಟಿ ಹಿಡಿ. ಅಷ್ಟೇಯ." ಮೂವತ್ತೆರಡು ವರ್ಷ ಕಣ್ಣು ಮುಚ್ಚಿ ಬೆರಳಲ್ಲೇ ನೋಡಿದವನು ನಾನು, ಇದೊಂದು ಆಟವೇ ಎಂದುಕೊಂಡೆ. ಕುರ್ಚಿ ಬಲಕ್ಕೆ ಹೊರಟಿತು, ಬಲಕ್ಕೆ ತೋರಿಸಿದೆ. ಸ್ವಲ್ಪ ಹೊತ್ತಿಗೆ ನಿಧಾನವಾಗಿ ನಿಂತಿತು, ಮುಷ್ಟಿ ಹಿಡಿದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಎಡಕ್ಕೆ ಗಿರಗಿರನೆ ತಿರುಗತೊಡಗಿತು. ಎಡಕ್ಕೆ ತೋರಿಸಿ, "ಮೆಲ್ಲಗೆ ತಿರುಗಿಸ್ಲಾ, ಬೀಳ್ತೀನಿ" ಎಂದು ಕೂಗಿಕೊಂಡೆ. ಮರಿಯಪ್ಪ ಟವಲು ಬಿಚ್ಚಿದ. ಕುರ್ಚಿ ಕಲ್ಲಿನಂತೆ ನಿಂತಿತ್ತು! ಅವನು ಅದನ್ನು ಮುಟ್ಟಿಯೂ ಇರಲಿಲ್ಲ, ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದ. ನಿಂತಿತು ಎಂದು ನಾನು ಮುಷ್ಟಿ ಹಿಡಿದಾಗ ಅದು ಇನ್ನೂ ಬಲಕ್ಕೆ ತಿರುಗುತ್ತಲೇ ಇತ್ತಂತೆ. ನಿಲ್ಲಿಸಿದ ಮೇಲೆ ನಾನು ಎಡಕ್ಕೆ ಹೋಗುತ್ತಿದ್ದೇನೆಂದು ಕಿರುಚಿದೆನಂತೆ. ನಂಬಲಿಲ್ಲ ನಾನು. ಮೋಸ ಎಂದೆ. ಇನ್ನೆರಡು ಸಲ ಮಾಡಿಸಿದೆ. ಎರಡು ಸಲವೂ ಅದೇ. ಕೊನೆಯ ಸಲ ಬಗ್ಗಿ ತಲೆ ಎತ್ತು ಎಂದ, ಎತ್ತಿದವನು ಕುರ್ಚಿಯಿಂದ ಜಾರಿ ಶುಕೂರನ ಕಾಲ ಮೇಲೆ ಬಿದ್ದೆ. ನನ್ನ ಮೈ ನನಗೇ ಸುಳ್ಳು ಹೇಳಿತು ಯಾಸ್ಮಿನ್! ಅನುಮಾನಕ್ಕೆ ಜಾಗವಿಲ್ಲದ ಹಾಗೆ, ಆಣೆ ಇಟ್ಟು ಹೇಳುವವರ ಥರ ಹೇಳಿತು.

ಇಷ್ಟಾದರೂ ಪರವಾಗಿರಲಿಲ್ಲ. ಆಮೇಲೆ ಅವನು ಮಾಡಿದ್ದನ್ನು ಕೇಳು. ಟವಲನ್ನು ಮತ್ತೆ ಸುತ್ತಿದ, ಆದರೆ ಈ ಸಲ ಎಡಗಣ್ಣಿನ ಮೂಲೆಯಲ್ಲಿ ಒಂದು ಕಡ್ಡಿಯಷ್ಟು ಸಂದು ಬಿಟ್ಟ. ಹೊರಗಿನ ಬೀದಿ ಕಾಣುತ್ತಿರಲಿಲ್ಲ, ಬಾಗಿಲ ಬೆಳಕು ಒಂದು ಎಳೆ ಒಳಗೆ ಬರುತ್ತಿತ್ತು ಅಷ್ಟೆ. ನಾನು ಅದನ್ನು ನೋಡಲೂ ಇಲ್ಲ. ಕುರ್ಚಿ ತಿರುಗಿತು. ಬಲ ಎಂದರೆ ಬಲ, ಎಡ ಎಂದರೆ ಎಡ, ನಿಂತದ್ದು ನಿಂತದ್ದೇ. ಒಂದೂ ತಪ್ಪಲಿಲ್ಲ. ಸಲೂನಿನವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ಎದೆಯುಬ್ಬಿಸಿದೆ. ಆಗ ಮರಿಯಪ್ಪ ನನ್ನ ಕಿವಿಯ ಹತ್ತಿರ ಬಂದು, "ಇದು ನಿನ್ನ ಗೀರು ಕಣ್ಲಾ. ಕಂಡಿದ್ದು ನಿಂಗೇ ಗೊತ್ತಾಗ್ನಿಲ್ಲ, ಸಂದು ಸರಿಯಾಗಿ ಹೇಳಿಕೊಡ್ತು, ನೀನು ನಾನೇ ಗಟ್ಟಿಗ ಅಂದ್ಕಂಡೆ. ಈಗ ಮೋಡ ಬಂತು ಅನ್ಕೋ. ಸಂದಿನಾಚೆ ಬೆಳ್ಳಗೆ ಬುಟ್ರೆ ಇನ್ನೇನೂ ಇಲ್ಲ. ಆವಾಗ ಆ ಮಗೀಗೆ ಯಾರ್ಲಾ ಹೇಳೋರು, ಕುರ್ಚಿ ನಿಂತೈತೆ ಅಂತ?" ಎಂದ.

ಗಡ್ಡದ ಒಂದು ಕಡೆ ಮಾತ್ರ ಆಗಿತ್ತು. ಹಾಗೇ ಎದ್ದು ಹೊರಗಿನ ಬೆಂಚಿನ ಮೇಲೆ ಕೂತೆ. ಜುಮ್ಮಾಕ್ಕೂ ಹಾಗೇ ಹೋದೆ, ಈಗಲೂ ಹಾಗೇ ಇದ್ದೇನೆ, ನಿನ್ನ ಅಮ್ಮ ಇದೇನು ಹೊಸ ಫ್ಯಾಷನ್ನೋ ಎಂದು ಕೇಳಿದಳು.

ಆ ಬೆಂಚಿನ ಮೇಲೆ ಮರಿಯಪ್ಪ ನಿಮ್ಮ ಕಾನೂನುಗಳನ್ನೆಲ್ಲ ಹೇಳಿದ. ಒಂದೊಂದು ಕೇಳುತ್ತಿದ್ದಂತೆ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಇಳಿಯಲು ಹೋದಾಗ ನೆಲ ಇನ್ನೂರು ಅಡಿ ಕೆಳಗಿದೆ ಎಂದು ಮುಳ್ಳು ಹೇಳುವ ಹೊತ್ತಿಗೆ ರನ್‌ವೇ ದೀಪ ಕಾಣದಿದ್ದರೆ, ಇನ್ನೊಂದು ಚೂರು ನೋಡೋಣ ಎನ್ನುವ ಹಾಗಿಲ್ಲವಂತೆ, ಮೇಲಕ್ಕೆ ಎತ್ತಲೇಬೇಕಂತೆ! ಒಳಗೆ ಮಂತ್ರಿ ಕೂತಿದ್ದರೂ ಅಷ್ಟೇ, ಮದುವೆ ಗಂಡು ಕೂತಿದ್ದರೂ ಅಷ್ಟೇ. ನಮ್ಮ ಮೈಸೂರು ಬಸ್ಸಿನವನು ಸ್ಟಾಪು ಕಾಣಿಸದೆ ಮುಂದೆ ಹೋದರೆ ನಾವು ಅವನ ವಂಶವನ್ನೇ ಬೈಯುತ್ತೇವೆ, ಇಲ್ಲಿ ಹಾಗೆ ಮುಂದೆ ಹೋಗುವವನೇ ಒಳ್ಳೆಯ ಪೈಲಟ್ಟಂತೆ. ಹೊರಡುವ ಮೊದಲೇ, ಅಲ್ಲಿ ಇಳಿಯಲಾಗದಿದ್ದರೆ ಎಲ್ಲಿ ಎಂದು ಇನ್ನೊಂದು ಊರು ಬರೆದುಕೊಡಬೇಕು, ಆ ಇನ್ನೊಂದು ಊರಿಗೂ ಸಾಲುವಷ್ಟು ಎಣ್ಣೆ, ಅದರ ಮೇಲೆ ಮುಕ್ಕಾಲು ಗಂಟೆಯ ಎಣ್ಣೆ. ಕಲಿತ ಮೇಲೂ ಆರು ತಿಂಗಳು ಮಾಡದೆ ಬಿಟ್ಟರೆ ಮತ್ತೆ ಪರೀಕ್ಷೆಗೆ ಕೂರಬೇಕಂತೆ. ನಾನು ಆರು ವರ್ಷ ಬಿಟ್ಟು ಕೂತರೂ ಬುಗುರಿ ಕಡೆಯುತ್ತೇನೆ ಎಂದೆ. ಅದಕ್ಕೆ ಅವನು, "ಬುಗುರಿ ತಪ್ಪಿದ್ರೆ ಒಲೆಗೆ ಹಾಕ್ತೀಯ" ಎಂದ. ಎಲ್ಲಕ್ಕಿಂತ ಮೇಲಿನ ಕಾನೂನು ಯಾವುದು ಎಂದರೆ, ಮೈ ಒಂದು ಹೇಳಿ ಮುಳ್ಳು ಇನ್ನೊಂದು ಹೇಳಿದರೆ ಮೈಯನ್ನು ನಂಬಬಾರದು. ಒಂದು ಮುಳ್ಳಿನ ಮೇಲೆ ಅನುಮಾನ ಬಂದರೆ ಉಳಿದ ಮುಳ್ಳುಗಳನ್ನು ಕೇಳಬೇಕು, ಮೈಯನ್ನಂತೂ ಕೇಳಲೇಬಾರದು. ಇದನ್ನು ಓದಿ ಕಲಿಯಲಾಗುವುದಿಲ್ಲವಂತೆ. ಕಣ್ಣು ಪೂರ್ತಿ ಮರೆಯಾಗಿ, ತಲೆ ತಿರುಗಿ, ಹೊಟ್ಟೆ ಕಲಸಿ, ಬಿದ್ದೆ ಬಿದ್ದೆ ಎಂದು ಮೈ ಕೂಗುತ್ತಿರುವಾಗಲೂ ಮುಳ್ಳನ್ನೇ ನೋಡಿ ನೋಡಿ ಕಲಿಯಬೇಕಂತೆ. ಆ ಭಯ ಒಂದು ಸಲವೂ ಬರದೆ ಯಾರಾದರೂ ಗಂಟೆಗಳನ್ನು ಮುಗಿಸಿದರೆ, ಅವರು ಇನ್ನೂ ಶುರುವೇ ಮಾಡಿಲ್ಲ ಎಂದು ಅರ್ಥವಂತೆ. ನೀನು ಫೋನಿನಲ್ಲಿ ಹೇಳಿದ್ದು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದ್ದು ಯಾಕೆಂದು ಈಗ ಗೊತ್ತಾಯಿತಲ್ಲ.

ಇನ್ನೊಂದೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಹಿತ್ತಿಲಿನಲ್ಲಿ ನೀವೆಲ್ಲ ಕಣ್ಣಾಮುಚ್ಚಾಲೆ ಆಡುವಾಗ ಬಟ್ಟೆ ಕಟ್ಟುತ್ತಿದ್ದವನು ನಾನು. ಎಲ್ಲರಿಗೂ ಬಿಗಿಯಾಗಿ ಕಟ್ಟುತ್ತಿದ್ದೆ. ನಿನಗೆ ಮೂಗಿನ ಪಕ್ಕ ಒಂದು ಸಂದು ಬಿಡುತ್ತಿದ್ದೆ. ಐದು ವರ್ಷದ ಕೂಸು, ಅಪ್ಪನಿಲ್ಲದ ಕೂಸು, ಸೋತು ಅಳುವುದನ್ನು ನೋಡಲಾಗುತ್ತಿರಲಿಲ್ಲ. ನೀನು ನೆಟ್ಟಗೆ ಹೋಗಿ ಎಲ್ಲರನ್ನೂ ಹಿಡಿದು, "ನಂಗೆ ಕಣ್ಣು ಕಟ್ಟಿದ್ರೂ ದಿಕ್ಕು ತಪ್ಪಲ್ಲ ಮಾಮೂ" ಎಂದು ಕುಣಿಯುತ್ತಿದ್ದೆ. ಅದನ್ನೇ ನಂಬಿ ಬೆಳೆದೆ. ಕ್ಲಬ್ಬಿಗೆ ಸೇರುವಾಗ ಯಾಕೆ ಪೈಲಟ್ ಆಗಬೇಕು ಎಂದು ಕೇಳಿದ್ದಕ್ಕೂ ಇದನ್ನೇ ಹೇಳಿ ಬಂದೆ ಎಂದು ನನಗೆ ಬರೆದಿದ್ದೆ, ನಾನು ಆ ಕಾಗದವನ್ನು ಅಂಗಡಿಯಲ್ಲಿ ಅಂಟಿಸಿದ್ದೇನೆ. ನಿನಗೆ ದಿಕ್ಕು ತಪ್ಪುತ್ತದೆ ಬೇಟಿ. ನನಗೆ ತಪ್ಪಿದ ಹಾಗೆ, ಎಲ್ಲರಿಗೂ ತಪ್ಪುವ ಹಾಗೆ. ತಪ್ಪುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಆ ಮುಳ್ಳುಗಳು ಉಪಯೋಗಕ್ಕೆ ಬರುತ್ತವೆ ಎಂದು ಮರಿಯಪ್ಪ ಹೇಳಿದ.

ಈ ಪಾರ್ಸಲಿನಲ್ಲಿ ಹಲ್ವಾ ಡಬ್ಬದ ಕೆಳಗೆ ಹೊಸ ಕಣ್ಣಪಟ್ಟಿ ಇದೆ. ಗುರುವಾರ ಮಧ್ಯಾಹ್ನ ಶುರುಮಾಡಿ ನಿನ್ನೆ ಸಂಜೆಗೆ ಮುಗಿಸಿದೆ. ಬರೀ ಕಪ್ಪು, ಒಂದು ಗೆರೆಯೂ ಇಲ್ಲ, ನೋಡಲು ಎಮ್ಮೆ ಮೂತಿಯ ಹಾಗಿದೆ. ನನ್ನ ಹೆಸರು ಕೂಡ ಹಾಕಿಲ್ಲ. ಇವತ್ತು ಬೆಳಿಗ್ಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಕನಕಪುರಕ್ಕೆ ಹೋಗಿ ಮರಿಯಪ್ಪನ ಕೈಗೆ ಕೊಟ್ಟೆ. ಅವನು ತೋಟದಲ್ಲಿ ಬಿಸಿಲಿಗೆ ಹಿಡಿದು, ತಲೆಗೆ ಹಾಕಿ, ನಾಲ್ಕು ದಿಕ್ಕಿಗೂ ತಿರುಗಿ, "ಏನೂ ಕಾಣಾಕಿಲ್ಲ, ಪಾಸು" ಎಂದ. ಏಳನೇ ಕ್ಲಾಸಾದ ಮೇಲೆ ನನ್ನನ್ನು ಪಾಸು ಮಾಡಿದವನು ಅವನೊಬ್ಬನೇ. ಇದನ್ನು ಹಾಕಿಕೊಂಡರೆ ಮೊದಲ ದಿನ ವಾಂತಿ ಬರುತ್ತದಂತೆ, ಬಂದರೆ ಹೆದರಬೇಡ. ಬರದಿದ್ದರೆ ನನಗೆ ಬರೆ.

ನಿನ್ನ ಅಮ್ಮನ ದುವಾ, ಶುಕೂರನ ಸಲಾಮು, ಮರಿಯಪ್ಪನ ಆಶೀರ್ವಾದ. ಅಲ್ಲಾಹನು ನಿನ್ನನ್ನು ನೆಲದ ಮೇಲೂ ಮೋಡದಲ್ಲೂ ಕಾಪಾಡಲಿ. ರಂಜಾನ್ ಹತ್ತಿರ ಬರುತ್ತಿದೆ, ಮೈ ನೋಡಿಕೋ.

ನಿನ್ನ ಮಾಮೂ,
ಮುಕ್ತಿಯಾರ್

ಮರೆತದ್ದು: ಮರೆತಿರಲಿಲ್ಲ. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಕನಕಪುರದಲ್ಲಿ ಮರಿಯಪ್ಪ ಇನ್ನೊಂದು ಮಾತು ಕೇಳಿದ, ಹಳೆಯದನ್ನು ಹಾಕಿಕೊಂಡು ಎಷ್ಟು ಗಂಟೆ ಬರೆಸಿದ್ದಾಳೆ ಎಂದು. ಹದಿನೆಂಟು ಎಂದೆ. ಅವನು ಒಂದು ಹಾಳೆ ತಂದು ನಿನ್ನ ಕ್ಯಾಪ್ಟನ್ ಮೇಡಂಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದ: ಗೀರು ಬಿಟ್ಟವನು ನಾನು, ಹುಡುಗಿಗೆ ಗೊತ್ತಿಲ್ಲ, ಆ ಹದಿನೆಂಟು ಗಂಟೆ ಕಣ್ಣು ಮರೆಯಾಗಿ ಹಾರಿಸಿದ್ದಲ್ಲ ಎಂದು. ಕೆಳಗೆ ನನ್ನ ರುಜು ಇದೆ. ಅದನ್ನು ಜೇಬಿನಲ್ಲೇ ಬಿಟ್ಟು ಕವರು ಅಂಟಿಸಿದ್ದೆ, ಈಗ ಒಳಗೆ ಇಡುತ್ತಿದ್ದೇನೆ. ಕೊಟ್ಟರೆ ಆ ಗಂಟೆಗಳನ್ನು ಹೊಡೆದುಹಾಕುತ್ತಾರೆ, ಹದಿನೈದರ ಪರೀಕ್ಷೆ ಇಲ್ಲ, ಈದ್‌ಗೆ ನೀನು ಸರ್ಟಿಫಿಕೇಟು ಹಿಡಿದು ಬರುವುದಿಲ್ಲ, ನಿನ್ನ ಅಮ್ಮ ಬೀದಿಗೆಲ್ಲ ಹೇಳಿಯಾಗಿದೆ. ಈ ಕಾಗದ ಓದುವವರೆಗೆ ನಿನ್ನದು ಏನೂ ತಪ್ಪಿರಲಿಲ್ಲ. ಇನ್ನು ಮೇಲೆ ನಿನಗೂ ಗೊತ್ತು. ಕೊಡು ಬೇಟಿ. ಬೀದಿಗೆ ನಾನು ಉತ್ತರ ಹೇಳುತ್ತೇನೆ, ನನ್ನ ಬಾಯಿ ಇರುವುದೇ ಅದಕ್ಕೆ. ಹಳೆಯದನ್ನು ಒಡೆಯಬೇಡ, ಮೇಡಂಗೆ ತೋರಿಸಬೇಕಾಗುತ್ತದೆ. ಗೀರು ಇರುವುದು ಎಡಗಡೆ, ಕಿವಿಯಿಂದ ಎಣಿಸಿದರೆ ಮೂರನೆಯ ಹಳದಿ ಗೆರೆಯೊಳಗೆ. ಸುಮ್ಮನೆ ನೋಡಿದರೆ ಸಿಗುವುದಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದೇನೆ. ಬೆಳಕಿಗೆ ಹಿಡಿ.